ಕರೆಂಟ್ ಹೋದ್ರ ಸಾಯೋ ಫೋನಿಗೆ ಲ್ಯಾಂಡ್‌ಲೈನ್ ಅಂತ ಯಾಕ ಕರೀತೀರಿ?

ಫೋನ್ ಕಂಪನಿಯೋರು ತಾಮ್ರದ ತಂತಿ ಕಿತ್ತು ಫೈಬರ್ ಎಳದು, "ಅದೇ ನಂಬರ್, ಅದೇ ಫೋನ್, ಏನೂ ಬದಲಾಗಂಗಿಲ್ರಿ" ಅಂತ ಹೇಳಿ ಹೋಗ್ತಾರಲ್ಲ, ಅದು ಖರೇ ಮಾತಲ್ಲ. ಬದಲಾಗೋದು ಭಾಳ ಅದ. ಸಹಿ ಹಾಕಿಸಿಕೊಳ್ಳೋ ಮುಂದ ಮನಿ ಮಂದಿಗೆ ಅದನ್ನ ಒಬ್ಬರೂ ಬಾಯಿ ಬಿಟ್ಟು ಹೇಳಂಗಿಲ್ಲ.

ಹಳೇ ಲೈನಿಗೆ ಕರೆಂಟ್ ಎಕ್ಸ್‌ಚೇಂಜಿನಿಂದನೇ ಬರ್ತಿತ್ತು. ಅಲ್ಲಿ 48 ವೋಲ್ಟಿನ ಬ್ಯಾಟರಿ ಸಾಲು, ಅದರ ಬೆನ್ನಿಗೆ ಡೀಸೆಲ್ ಜನರೇಟರ್. ಮೇ ತಿಂಗಳ ಗಾಳಿ-ಮಳಿಗೆ ನಮ್ಮ ಕಲಬುರಗಿಯ ಇಡೀ ಬ್ರಹ್ಮಪುರ ಬಡಾವಣಿ ಕತ್ತಲಾದ್ರೂ ರಿಸೀವರ್ ಎತ್ತಿದ್ರ ಟೋನ್ ಇರ್ತಿತ್ತು. ಫೈಬರಿನ ಗಾಜಿನ ಎಳಿ ಬೆಳಕು ಒಯ್ತದ, ಕರೆಂಟ್ ಒಯ್ಯಂಗಿಲ್ಲ. ಆ ಬೆಳಕನ್ನ ಫೋನಿನ ಮಾತಾಗಿ ಬದಲಿಸೋ ಗೋಡಿ ಮ್ಯಾಲಿನ ಮೋಡೆಮ್ಮಿಗೆ ನಿಮ್ಮ ಮನಿ ಪ್ಲಗ್ಗಿನಿಂದಲೇ 12 ವೋಲ್ಟ್ ಬೇಕು. ಮಕ್ಕಳು ಬೆಂಗಳೂರು ಸೇರ್ಯಾರ, ಮನ್ಯಾಗ ಮುದುಕ-ಮುದುಕಿ ಇಬ್ಬರೇ, ಮೊಬೈಲಿನ ಅಕ್ಷರ ಕಣ್ಣಿಗೆ ಹತ್ತಂಗಿಲ್ಲ. ಕರೆಂಟ್ ಇಲ್ಲದ ರಾತ್ರಿ ಎದಿ ಹಿಡಕೊಂಡ್ರ 112ಕ್ಕ ಯಾವುದ್ರಿಂದ ಫೋನ್ ಹಚ್ಚಬೇಕು?

ಎರಡು ಸೆಕೆಂಡ್ ಕರೆಂಟ್ ಹೋಗಿ ಬಂದ್ರೂ ಮೋಡೆಮ್ ಮೊದಲಿಂದ ಶುರು ಆಗಬೇಕು. ಎರಡ್ಮೂರು ನಿಮಿಷ ಆಗಿ, ಫೋನಿನ ದೀಪ ಹತ್ತಿದ ಮ್ಯಾಲೇ ಕರೆ ಬರ್ತಾವ, ಹೋಗ್ತಾವ.

ಇದಕ್ಕ ದಾರಿ ಅದ, ಮಿನಿ ಯುಪಿಎಸ್, ಅಂದ್ರ ಮೋಡೆಮ್ಮಿಗೆ ಹಚ್ಚೋ ಸಣ್ಣ ಬ್ಯಾಟರಿ ಡಬ್ಬಿ. ಅದನ್ನ ಹೇಳ್ಲಾಕೂ ಇವರಿಗೆ ಪುರಸೊತ್ತಿಲ್ಲ. ಅಡಾಪ್ಟರ್ ಮ್ಯಾಲ 12 ವೋಲ್ಟ್, 1 ಆಂಪಿಯರ್ ಅಂತಿದ್ರ ವೋಲ್ಟ್ ಸರಿಯಾಗಿ 12, ಆಂಪಿಯರ್ 1 ಇಲ್ಲಾ ಅದಕ್ಕಿಂತ ಜಾಸ್ತಿ ಕೊಡೋ ಯುಪಿಎಸ್ ತೊಗೋರಿ, 9 ವೋಲ್ಟಿಂದು ಹಚ್ಚಬ್ಯಾಡ್ರಿ. ಡಬ್ಬಿ ಮ್ಯಾಲಿನ "8800 ಎಂಎಎಚ್" ನೋಡಿ ಮೋಸ ಹೋಗಬ್ಯಾಡ್ರಿ. ಅದು ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ, ಅಂದ್ರ ಸುಮಾರು 32 ವಾಟ್-ಅವರ್. 8 ವಾಟ್ ತಿನ್ನೋ ಮೋಡೆಮ್ಮಿಗೆ ಸೋರಿಕಿ ಕಳದು ಮೂರು ತಾಸು, ಅಷ್ಟೇ. ನಮ್ಮ ಕಲಬುರಗಿ ಬ್ಯಾಸಗಿಗೆ ಪತ್ರಾಸಿನ ಕೆಳಗ ಇಟ್ರ ಬ್ಯಾಟರಿ ಉಬ್ಬಿ ಲಗೂ ಹಾಳಾಗ್ತದ. ಇನ್ವರ್ಟರ್ ಇದ್ದೋರು ಆ ಪ್ಲಗ್ ಇನ್ವರ್ಟರ್ ಲೈನಿಗೆ ಬಂದದನೋ ಇಲ್ಲೋ ನೋಡ್ರಿ. ಕಾರ್ಡ್‌ಲೆಸ್ ಇದ್ರ ಅದರ ಬೇಸಿಗೂ ಕರೆಂಟ್ ಬೇಕು. ವೈರಿನ ಫೋನ್ ಒಂದು ಇಟ್ಕೋರಿ.

ಇಷ್ಟೆಲ್ಲಾ ರೊಕ್ಕ ಸುರುವಿದ ಮ್ಯಾಲೂ ಕರೆಂಟ್ ಹೋದ ಕೂಡ್ಲೇ ಮೋಡೆಮ್ಮಿನ ಮ್ಯಾಲ ಕೆಂಪು ದೀಪ ಹತ್ತಿದ್ರ ತಪ್ಪು ನಿಮ್ಮದಲ್ಲ. ಓಣಿಗೆ ಬೆಳಕು ಕಳಿಸೋ ಯಂತ್ರ ಯಾವುದೋ ಬಾಡಿಗಿ ಖೋಲ್ಯಾಗ ಕುಂತಿರ್ತದ, ಅದಕ್ಕ ಬ್ಯಾಟರಿ ಇಟ್ಟಿರಂಗಿಲ್ಲ. ತಿಂಗಳ ಬಿಲ್ಲು ಮಾತ್ರ ಒಂದಿನ ತಪ್ಪಂಗಿಲ್ಲ!

ಕೆಲಸದ ರೀತಿ ನೋಡಿದ್ರಂತೂ ಹೊಟ್ಟಿ ಉರೀತದ. ಶಹಾಬಾದ್ ಪರಸಿ ಗ್ವಾಡಿ ಕೊರಿಯೋದು ತ್ರಾಸು ಅಂತ ಫೈಬರನ್ನ ಕಿಡಕಿ ಸಂದಿನ್ಯಾಗ ತುರುಕಿ, ಬಾಗಲಾ ಹಾಕಿದಾಗೆಲ್ಲ ಜಜ್ಜೋ ಹಂಗ ಬಿಟ್ಟು ಹೋಗ್ತಾರ. ಎಳಿ ಚೂಪಾಗಿ ಬಾಗಿದ್ರ ಬೆಳಕು ಸೋರ್ತದ. ಬೆಳಕಿನ ಜೋರು ಅಳಿಯೋ ಪವರ್ ಮೀಟರ್ ಮೈನಸ್ 20 ಡಿಬಿಎಂ ಆಸುಪಾಸು ತೋರಿಸಿದ್ರ ಚಲೋ. ಮೈನಸ್ 27ಕ್ಕಿಂತ ಕೆಳಗಿಳದ್ರ ಲೈನ್ ಬಿಟ್ಟು ಬಿಟ್ಟು ಕಡೀತದ, ಮಾತು ಅರ್ಧಕ್ಕ ನಿಂದರ್ತದ. ಆ ಅಂಕಿ ನಿಮ್ಮ ಕಣ್ಣೆದುರೇ ತೋರಿಸ್ಲಿಕ್ಕ ಹೇಳ್ರಿ.

ಒಳಖೋಲಿಯ ಎರಡನೇ ಫೋನಿನ ಬಗ್ಗೆ ಕೇಳಿದ್ರ "ಬರಂಗಿಲ್ರಿ" ಅಂತಾರ. ಬರ್ತದ! ಗ್ವಾಡಿ ಡಬ್ಬಿಯೊಳಗ ಕಂಬದಿಂದ ಬಂದ ಎರಡೂ ತಂತಿ ಬಿಚ್ಚಿ ಬ್ಯಾರೆ ಮಾಡಬೇಕು, ಆಮ್ಯಾಲ ಮೋಡೆಮ್ಮಿನ ಫೋನ್ ಸಾಕೆಟ್ಟಿನಿಂದ ಅದೇ ಡಬ್ಬಿಗೆ ವೈರ್ ಕೊಡಬೇಕು. ಬಿಚ್ಚದೇ ಜೋಡಿಸಿದ್ರ ಹೊರಗಿನ ಲೈನಿನ ಕರೆಂಟು, ಸಿಡ್ಲು, ಎಲ್ಲಾ ನೇರ ಮೋಡೆಮ್ಮಿಗೆ ಬಂದು ಸಾಕೆಟ್ ಸುಡಬಹುದು. ಹತ್ತು ನಿಮಿಷದ ಕೆಲಸ ಇದು.

ಗಂಜಿನ ಅಡತಿ ಅಂಗಡಿಯೋರೇ, ಬೋರ್ಡಿನ ಮ್ಯಾಲ ಕಲಬುರಗಿ ಕೋಡ್ 08472 ಹಚ್ಚಿ ಲ್ಯಾಂಡ್‌ಲೈನ್ ನಂಬರ್ ಬರಿಸಿದ್ದು ನೆನಪಿಡ್ರಿ. ಮೊಬೈಲ್ ನಂಬರ್ ಹಂಗ ಲ್ಯಾಂಡ್‌ಲೈನ್ ನಂಬರ್ ಒಂದು ಕಂಪನಿ ಬಿಟ್ಟು ಇನ್ನೊಂದಕ್ಕ ಒಯ್ಲಿಕ್ಕ ಬರಂಗಿಲ್ಲ. ಅದೇ ಕಂಪನಿಯೊಳಗ ಫೈಬರಿಗೆ ಹೋದ್ರೂ "ನಂಬರ್ ಇದೇ ಇರ್ತದ" ಅಂತ ಅರ್ಜಿ ಮ್ಯಾಲ ಬರಿಸಿಕೊಳ್ರಿ.

ಸಹಿ ಮಾಡೋಕಿಂತ ಮೊದಲು ಮೋಡೆಮ್ಮಿಗೆ ಯುಪಿಎಸ್ ಇಲ್ಲಾ ಇನ್ವರ್ಟರ್ ಹಚ್ಚಿ, ಲೈನ್‌ಮನ್ ಎದುರಿಗೇ ಮೇನ್ ಸ್ವಿಚ್ ಇಳಿಸಿ, ಮೊಬೈಲಿನಿಂದ ನಿಮ್ಮ ನಂಬರಿಗೆ ಹಚ್ಚಿ ನೋಡ್ರಿ. ಗಂಟಿ ಬಾರಿಸ್ಲಿಲ್ಲಂದ್ರ ಹಳೇ ತಂತಿ ಮುಟ್ಟಗೊಡಬ್ಯಾಡ್ರಿ.