ಹಾಲು ಕುಡಿದ ನೆಲ

ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಆಲ್‌ಫ್ರಿಸ್ಟನ್ ಅಂತ ಒಂದು ಹಳ್ಳಿ. ಅಲ್ಲಿನ ಹಳೇ ಪಾದ್ರಿ ಮನೆಗೆ ಹೋದಾಗ ನನ್ನ ಕಣ್ಣು ಮೊದಲು ಬಿದ್ದದ್ದು ನೆಲದ ಮೇಲೆ. ಬಿಳಿ ಚಾಕ್ ಕಲ್ಲನ್ನು ಕುಟ್ಟಿ ಗಟ್ಟಿ ಮಾಡಿ, ಮೇಲೆ ಹುಳಿ ಬಂದ ಹಾಲು ಬಳಿದ ನೆಲ ಅದು. ಹಾಲು ಒಣಗಿದರೆ ದೂಳು ಏಳುವುದಿಲ್ಲ. ಮಲೆನಾಡಿನ ನಮ್ಮ ಅಜ್ಜಿ ಸಗಣಿ ಸಾರಿಸುತ್ತಿದ್ದದ್ದೂ ಇದಕ್ಕೇ ಅಲ್ವಾ? ಹಟ್ಟಿಯಲ್ಲಿ ಸಿಕ್ಕಿದ್ದರಲ್ಲೇ ನೆಲ ಮಾಡಿಕೊಂಡ ಜನ ಇವರೂ.

ಮನೆ 14ನೇ ಶತಮಾನದ್ದು. ಓಕ್ ಮರದ ಚೌಕಟ್ಟು, ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ, ಮೇಲೆ ಹುಲ್ಲಿನ ಸೂರು. ಎರಡೂ ತುದಿಯಲ್ಲಿ ಮಹಡಿ ಇದೆ, ನಡುಮನೆಗೆ ಮಾತ್ರ ಇಲ್ಲ. ತಲೆ ಎತ್ತಿದರೆ ನೇರ ಮಾಡಿನ ತೊಲೆಗಳೇ ಕಾಣುತ್ತವೆ. ಇಂಥ ಮನೆಗಳಲ್ಲಿ ಆಗ ಚಿಮಣಿ ಇರಲಿಲ್ಲ. ನಡುಮನೆಯ ನೆಲದ ಮೇಲೇ ಬೆಂಕಿ ಹಾಕುತ್ತಿದ್ದರು, ಹೊಗೆ ಮೇಲೇರಿ ಸೂರಿನಿಂದ ಆಚೆ ಹೋಗುತ್ತಿತ್ತು. ನಮ್ಮ ತೊಟ್ಟಿ ಮನೆಯ ನಡುವೆ ಆಕಾಶ, ಇವರ ಮನೆಯ ನಡುವೆ ಬೆಂಕಿ. ಚಳಿಯ ನಾಡಿನವರಿಗೆ ಅದೇ ಅಂಗಳ.

ಅರಮನೆಯಲ್ಲ, ಕೋಟೆಯಲ್ಲ, ಸಾಧಾರಣ ಮನೆ. 1880ರ ದಶಕದಲ್ಲಿ ಇದನ್ನು ಕೆಡವುವುದೆಂದೇ ಆಗಿತ್ತು. ಊರಿನ ಪಾದ್ರಿ ಬೇನನ್ ಅವರು ಉಳಿಸಬೇಕೆಂದು ಹಟ ಹಿಡಿದು ಓಡಾಡಿದರು. 1896ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ, ಹಳೇ ಕಟ್ಟಡಗಳನ್ನು ಕಾಪಾಡುವ ಸಂಸ್ಥೆ 10 ಪೌಂಡಿಗೆ ಇದನ್ನು ಕೊಂಡಿತು. ಟ್ರಸ್ಟ್ ಕೊಂಡ ಮೊದಲ ಕಟ್ಟಡ ಇದೇ. ಆರ್ಕಿಟೆಕ್ಟ್ ಆಲ್‌ಫ್ರೆಡ್ ಪೊವೆಲ್ ರಿಪೇರಿ ನೋಡಿಕೊಂಡರು. ನಡುಮನೆಯ ಮರದಲ್ಲಿ ಕೆತ್ತಿದ ಒಂದು ಓಕ್ ಎಲೆ ಇದೆ. ಟ್ರಸ್ಟಿನ ಗುರುತೂ ಓಕ್ ಎಲೆಯೇ, ಅದು ಇಲ್ಲಿಂದಲೇ ಬಂತು ಅಂತ ಹಲವರು ಹೇಳುತ್ತಾರೆ.

ನಮ್ಮಲ್ಲಿ ದೇವಸ್ಥಾನಕ್ಕೆ, ಅರಮನೆಗೆ ಕಾವಲಿದೆ. ರೈತನ ಮನೆಗೆ ಯಾರಿದ್ದಾರೆ? ಅಜ್ಜಿ ಮನೆ ಬಿಚ್ಚಿದ ದಿನ ಮುಂಡಿಗೆಗಳನ್ನು, ಅಂದರೆ ಮರದ ಕಂಬಗಳನ್ನು, ಯಾರೋ ಲಾರಿಯಲ್ಲಿ ಒಯ್ದರು. ನಾನು ದೂರದಲ್ಲಿ ಕೂತು ಫೋಟೋ ನೋಡಿದೆ, ಎರಡು ದಿನ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಎಷ್ಟೋ ಹಳೇ ಮನೆಗಳನ್ನು ತಂದು ಮತ್ತೆ ನಿಲ್ಲಿಸಿದರು. ಅವರ ಋಣ ದೊಡ್ಡದು. ಆದರೂ ಮನೆ ತನ್ನ ಜಾಗದಲ್ಲೇ ಉಳಿದರೆ ಅದರ ಸೊಗಸೇ ಬೇರೆ. ಆಲ್‌ಫ್ರಿಸ್ಟನ್‌ನಲ್ಲಿ ಪಕ್ಕದ ಚರ್ಚು, ಊರ ಹುಲ್ಲುಗಾವಲು, ತೋಟದಾಚೆ ಹರಿಯುವ ಕಕ್‌ಮಿಯರ್ ಹೊಳೆ ಎಲ್ಲವೂ ಇದ್ದಲ್ಲೇ ಇವೆ. ಆ ಮನೆ ಅಲ್ಲೇ ಯಾಕಿದೆ ಅಂತ ಯಾರೂ ವಿವರಿಸಬೇಕಾಗಿಲ್ಲ.

ಚಿಕ್ಕಪ್ಪನ ಮನೆ ಇನ್ನೂ ನಿಂತಿದೆ. ಸೋರುತ್ತಿದೆ, ಕೆಡವಿ ತಾರಸಿ ಹಾಕಿಸೋಣ ಅಂತಿದ್ದರು. ಕಳೆದ ಭಾನುವಾರ ಫೋನ್ ಮಾಡಿದೆ. "ಚಿಕ್ಕಪ್ಪ, ಹೆಂಚು ಬದಲಿಸೋಣ, ಹಾಳಾದ ಪಕಾಸಿ ಬದಲಿಸೋಣ. ಖರ್ಚಲ್ಲಿ ಅರ್ಧ ನಂದು. ಮುಂಡಿಗೆ ಮಾತ್ರ ಮುಟ್ಟಬೇಡಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಳೆಗಾಲ ಶುರುವಾಗೋ ಮೊದಲು ಬಾ, ಒಟ್ಟಿಗೆ ನೋಡೋಣ" ಅಂದರು. ಟಿಕೆಟ್ ಮಾಡಿಸಿದ್ದೇನೆ.