ಸಮುದ್ರಕ್ಕೊಂದು ಕಾರಣ ಕೇಳಿ ನೋಟಿಸ್

ಕಡಲತೀರದಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ ಬಿದ್ದಿದೆ ಎಂದುಕೊಳ್ಳಿ. ನಿಮ್ಮ ನನ್ನಂಥವರ ಕಣ್ಣಿಗೆ ಅದು ಬರೀ ಬಾಟಲಿ. ಆಡಳಿತ ಬಲ್ಲವರು ಅಷ್ಟು ಅವಸರ ಪಡುವುದಿಲ್ಲ. ಅದು ಉಬ್ಬರದ ಗೆರೆಯ ಮೇಲೆ ಬಿದ್ದಿದೆಯೋ ಕೆಳಗೆ ಬಿದ್ದಿದೆಯೋ ಎಂದು ಮೊದಲು ವಿಚಾರಿಸುತ್ತಾರೆ. ಮೇಲಿದ್ದರೆ ಅದು ಊರಿನ ಆಡಳಿತದ ಕಸ. ಕೆಳಗಿದ್ದರೆ ಬಂದರಿನವರದೋ, ಮೀನುಗಾರಿಕೆಯವರದೋ, ಕರಾವಳಿ ಕಾಯುವವರದೋ, ಅಂತೂ ಊರಿನದಲ್ಲ. ನೀರಿನಲ್ಲಿ ತೇಲುತ್ತಿದ್ದರೆ ಅದು ಕಸವೇ ಅಲ್ಲ, ಜಾಗತಿಕ ಸಮಸ್ಯೆ; ಅದಕ್ಕೆ ಪೊರಕೆ ಸಾಲದು, ಸಮ್ಮೇಳನವೇ ಆಗಬೇಕು. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಗೆರೆಯ ಆಸುಪಾಸಿನಲ್ಲಿ ಬಿದ್ದ ಬಾಟಲಿ ದಿನಕ್ಕೆ ನಾಲ್ಕು ಸಲ ಇಲಾಖೆ ಬದಲಿಸಬಹುದು. ಇಷ್ಟು ವರ್ಗಾವಣೆ ಕಂಡದ್ದು ಒಬ್ಬ ನೌಕರನಾಗಿದ್ದರೆ ಇಷ್ಟರೊಳಗೆ ತಡೆಯಾಜ್ಞೆ ತಂದು ಮನೆಯಲ್ಲಿ ಮಲಗಿರುತ್ತಿದ್ದ.

ಇಂಥ ಒಂದು ಬಾಟಲಿಯ ಎದುರು ನಾನು ಇಬ್ಬರು ಅಧಿಕಾರಿಗಳನ್ನು ಕಂಡಿದ್ದೇನೆ. ಯಾವ ತೀರ, ಯಾವ ಇಲಾಖೆ ಎಂದು ಕೇಳಬೇಡಿ. ಎಲ್ಲ ತೀರದಲ್ಲೂ ಅವರಿಬ್ಬರು ಇರುತ್ತಾರೆ. ಒಬ್ಬರು ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಇನ್ನೊಬ್ಬರು, ಬರುತ್ತದೆ, ಆದರೆ ಕಸದ ರೂಪದಲ್ಲಲ್ಲ, ವಾರಸುದಾರರಿಲ್ಲದ ವಸ್ತುವಿನ ರೂಪದಲ್ಲಿ ಎಂದರು. ಅಳಿಯ ಅಲ್ಲ, ಮಗಳ ಗಂಡ. ಚರ್ಚೆ ಕಾವೇರುತ್ತಿದ್ದಾಗಲೇ ಒಂದು ಅಲೆ ಬಂದು ಬಾಟಲಿಯನ್ನು ಎಳೆದುಕೊಂಡು ಹೋಯಿತು. ಇಬ್ಬರ ಮುಖದಲ್ಲೂ ಮೂಡಿದ ನೆಮ್ಮದಿಯನ್ನು ನೀವು ನೋಡಬೇಕಿತ್ತು. ಕಡತದಲ್ಲಿ ‘ವಿಲೇವಾರಿ ಮಾಡಲಾಗಿದೆ’ ಎಂದು ಬರೆದು ಕೈ ತೊಳೆದುಕೊಂಡರು. ನೀರು ಹೇಗೂ ಹತ್ತಿರದಲ್ಲೇ ಇತ್ತು.

ತಪ್ಪು ಅವರದಲ್ಲ, ರೋಮನ್ ಚಕ್ರವರ್ತಿ ಜಸ್ಟಿನಿಯನ್‌ನದು. ಕ್ರಿ.ಶ. 533ರಲ್ಲಿ ಅವನು ಹೊರಡಿಸಿದ ಕಾನೂನಿನ ಕೈಪಿಡಿಯಲ್ಲಿ ಗಾಳಿ, ಹರಿಯುವ ನೀರು, ಸಮುದ್ರ, ಅದರ ಜೊತೆಗೆ ಸಮುದ್ರದ ದಡ, ಇವು ನಿಸರ್ಗದ ನಿಯಮದಂತೆ ಎಲ್ಲರಿಗೂ ಸೇರಿದವು ಎಂದಿದೆ. ಗುಡಿಸುವುದು ಯಾರಿಗೆ ಸೇರಿದ್ದು ಎಂದಿಲ್ಲ. ಚಕ್ರವರ್ತಿಗಳಿಗೆ ಪೊರಕೆಯ ಪರಿಚಯ ಅಷ್ಟಕ್ಕಷ್ಟೆ. ಒಂದೂವರೆ ಸಾವಿರ ವರ್ಷ ತುಂಬುತ್ತ ಬಂದರೂ ನಾವು ಆ ವಾಕ್ಯದ ಆಚೆಗೆ ಒಂದು ಹೆಜ್ಜೆ ಇಟ್ಟಿಲ್ಲ. ಚಾಪೆ ಹಾಸುವಾಗ ದಡ ನನ್ನದು, ಚಾಪೆ ಮಡಚಿದ ಮೇಲೆ ಎಲ್ಲರದು.

ದಡಕ್ಕೆ ಬರುವವರ ವಾದಗಳನ್ನು ನಾನು ವರ್ಷಗಳಿಂದ ಕೂಡಿಡುತ್ತಿದ್ದೇನೆ. ಚಿಪ್ಪು ಆರಿಸುವ ವಯಸ್ಸು ಕಳೆದ ಮೇಲೆ ಇದೇ ಹವ್ಯಾಸ. ‘ನಾನು ತೆರಿಗೆ ಕಟ್ಟುತ್ತೇನೆ’ ಎನ್ನುವವರದು ಬಹುಸಂಖ್ಯಾತ ಪಂಗಡ. ಎಸೆಯುವ ಹಕ್ಕನ್ನು ಅವರು ಮುಂಗಡವಾಗಿ ಖರೀದಿಸಿದ್ದಾರೆ, ಬಳಸದೆ ಬಿಟ್ಟರೆ ನಷ್ಟ. ‘ನಾನು ಬರುವ ಮೊದಲೇ ಇಲ್ಲಿ ಕಸವಿತ್ತು’ ಎನ್ನುವವರು ಇತಿಹಾಸಕಾರರು. ಕರುಣಾಳುಗಳೂ ಇದ್ದಾರೆ: ‘ನಾವು ಎಸೆಯದಿದ್ದರೆ ಪಾಪ, ಗುಡಿಸುವವರ ಹೊಟ್ಟೆಪಾಡು ಏನಾಗಬೇಕು?’ ಇದೇ ಕರುಣೆಯಿಂದ ವೈದ್ಯರ ಹೊಟ್ಟೆಪಾಡಿಗಾಗಿ ಮೆಟ್ಟಿಲಿನಿಂದ ಉರುಳಿಕೊಂಡವರನ್ನು ನಾನು ಕಂಡಿಲ್ಲ.

ಸಿಗರೇಟು ಸೇದುವವರದು ಬೇರೆಯೇ ಮಾರ್ಗ. ಅವರು ಎಸೆಯುವುದಿಲ್ಲ, ನೆಡುತ್ತಾರೆ. ತುಂಡನ್ನು ಮರಳಿನಲ್ಲಿ ಒತ್ತಿ, ಹೆಬ್ಬೆರಳಿನಿಂದ ಗುಳಿ ಮುಚ್ಚಿ, ಒಂದು ಕ್ಷಣ ಕೈಕಟ್ಟಿ ನಿಲ್ಲುತ್ತಾರೆ. ಅದರ ಫಿಲ್ಟರ್ ಹತ್ತಿಯಂತೆ ಕಂಡರೂ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಮೊಳಕೆಯೂ ಒಡೆಯುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. 1986ರಲ್ಲಿ ಅಮೆರಿಕದ ಟೆಕ್ಸಾಸ್ ತೀರದಲ್ಲಿ ಇಬ್ಬರು ಮಹಿಳೆಯರು ಸ್ವಯಂಸೇವಕರನ್ನು ಸೇರಿಸಿ ಕಸ ಹೆಕ್ಕಿಸಿದ್ದಷ್ಟೇ ಅಲ್ಲ, ಹೆಕ್ಕಿದ್ದನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡಿಸಿದರು. ಆ ಲೆಕ್ಕ ಇವತ್ತು ಅಂತರರಾಷ್ಟ್ರೀಯ ಅಭಿಯಾನವಾಗಿ ಪ್ರತಿವರ್ಷ ನಡೆಯುತ್ತದೆ. ಅದರಲ್ಲಿ ಸಿಗರೇಟಿನ ತುಂಡು ದಶಕಗಳ ಕಾಲ ಮೊದಲ ಸ್ಥಾನ ಬಿಟ್ಟುಕೊಟ್ಟಿರಲಿಲ್ಲ. 2019ರ ಎಣಿಕೆಯಲ್ಲಿ ತಿಂಡಿಯ ಪೊಟ್ಟಣಗಳು ಅದನ್ನು ಕೆಳಗಿಳಿಸಿದವು. ನೆಟ್ಟವರಿಗೆ ಬೇಸರವಾಗಿರಬೇಕು.

ಕಸದ ಡಬ್ಬಿ ಇಡಬಾರದೇ ಎನ್ನುತ್ತೀರಿ. ಇಟ್ಟಿದ್ದಾರೆ. ಅದು ಬೆಳಿಗ್ಗೆ ಹತ್ತಕ್ಕೆ ತುಂಬುತ್ತದೆ, ಖಾಲಿಯಾಗುವುದು ಮಂಗಳವಾರ. ನಡುವೆ ಬಂದ ಸಭ್ಯರು ತಮ್ಮ ಗಂಟನ್ನು ಡಬ್ಬಿಯ ಪಾದದ ಬಳಿ ಒಪ್ಪವಾಗಿ ಇಟ್ಟು ಹಗುರಾಗಿ ನಡೆಯುತ್ತಾರೆ. ಮುಂದಿನ ಹಂಚಿಕೆ ಗಾಳಿಯದು, ಹಕ್ಕಿಗಳದು.

ಬಾಟಲಿ ತಯಾರಿಸುವವರನ್ನೇ ಕೇಳೋಣವೆಂದರೆ ಅವರು ಎಲ್ಲರಿಗಿಂತ ಮೊದಲೇ ಅತ್ತು ಮುಗಿಸಿದ್ದಾರೆ. 1953ರಲ್ಲಿ ಅಮೆರಿಕದ ಪಾನೀಯ ಮತ್ತು ಪ್ಯಾಕಿಂಗ್ ಕಂಪನಿಗಳು ಮುಂದೆ ನಿಂತು ‘ಕೀಪ್ ಅಮೆರಿಕ ಬ್ಯೂಟಿಫುಲ್’ ಎಂಬ ಸಂಸ್ಥೆ ಕಟ್ಟಿದವು. 1971ರಲ್ಲಿ ಅದು ಟೀವಿಯಲ್ಲಿ ಒಂದು ಜಾಹೀರಾತು ಬಿಟ್ಟಿತು: ಮೂಲನಿವಾಸಿಯೊಬ್ಬ ದೋಣಿ ಹುಟ್ಟು ಹಾಕುತ್ತ ಬರುತ್ತಾನೆ, ಕಸ ಕಾಣುತ್ತಾನೆ, ಕೆನ್ನೆಯ ಮೇಲೆ ಒಂದು ಹನಿ ಇಳಿಯುತ್ತದೆ. ಮಾಲಿನ್ಯ ಮಾಡುವವರು ಜನ, ನಿಲ್ಲಿಸಬೇಕಾದವರೂ ಜನ ಎಂಬುದು ಅದರ ಸಾರ. ಜನ ಎಂದರೆ ಬಾಟಲಿ ಕುಡಿದವರು. ತುಂಬಿ ಮಾರಿದವರು ಜನರಲ್ಲ, ಕಂಪನಿ. ಮೂಲನಿವಾಸಿಯ ಪಾತ್ರ ಮಾಡಿದ ನಟ ಇಟಲಿ ಮೂಲದವನೆಂದು ಆಮೇಲೆ ತಿಳಿಯಿತು. ಕಣ್ಣೀರು ಎಲ್ಲಿಯದೆಂದು ನಾನು ವಿಚಾರಿಸಲು ಹೋಗಿಲ್ಲ.

ಅದೇ 1971ರಲ್ಲಿ ಓರೆಗಾನ್ ರಾಜ್ಯ ಒಂದು ಅವಿವೇಕದ ಕೆಲಸ ಮಾಡಿತು. ಕೊಳ್ಳುವಾಗ ಬಾಟಲಿಗೆ ಚಿಲ್ಲರೆ ಠೇವಣಿ ಕೊಡಬೇಕು, ಖಾಲಿ ಬಾಟಲಿ ಮರಳಿಸಿದರೆ ಅದು ವಾಪಸು ಎಂದು ಕಾನೂನು ತಂದಿತು. ಅಷ್ಟೊತ್ತಿಗಾಗಲೇ ಕಣ್ಣೀರು ಒರೆಸಿಕೊಂಡಿದ್ದ ಉದ್ಯಮ ಇಂಥ ಕಾನೂನುಗಳ ವಿರುದ್ಧ ಊರೂರಲ್ಲಿ ಕಾದಾಡಿತು. ಕಾದಾಡದೆ ಏನು ಮಾಡೀತು? ಬಾಟಲಿಯೊಳಗೆ ನಾಲ್ಕು ಕಾಸು ಉಳಿದಿದೆ ಎಂದಾದರೆ ಉಬ್ಬರದ ಗೆರೆ ಎಲ್ಲಿದೆ ಎಂದು ಯಾರು ನೋಡುತ್ತಾರೆ? ತೆರಿಗೆ ಕಟ್ಟಿದವನೂ ಬಾಗುತ್ತಾನೆ, ಇತಿಹಾಸಕಾರನೂ ಬಾಗುತ್ತಾನೆ. ಆಮೇಲೆ ಜಾಗೃತಿ ಮೂಡಿಸುವವರ ಹೊಟ್ಟೆಪಾಡು ಏನಾಗಬೇಕು?

ಇನ್ನು ಹಡಗುಗಳು. ಹಡಗಿನಿಂದ ಯಾವ ಬಗೆಯ ಪ್ಲಾಸ್ಟಿಕ್ಕನ್ನೂ ಸಮುದ್ರಕ್ಕೆ ಸುರಿಯಬಾರದೆಂಬ ಅಂತರರಾಷ್ಟ್ರೀಯ ನಿಯಮ 1988ರ ಡಿಸೆಂಬರ್ 31ರಂದು ಜಾರಿಗೆ ಬಂತು. ಬೇಕೆಂದು ಸುರಿದರೆ ಅಪರಾಧ, ಕೈಜಾರಿದರೆ ಸಂಶೋಧನೆ. 1992ರ ಜನವರಿಯಲ್ಲಿ ಪೆಸಿಫಿಕ್ ಸಾಗರದ ಬಿರುಗಾಳಿಗೆ ಒಂದು ಹಡಗಿನಿಂದ ಕಂಟೇನರ್‌ಗಳು ಉರುಳಿ, ಸ್ನಾನದ ತೊಟ್ಟಿಯಲ್ಲಿ ತೇಲಿಬಿಡುವ 28 ಸಾವಿರಕ್ಕೂ ಹೆಚ್ಚು ಪ್ಲಾಸ್ಟಿಕ್ ಬಾತುಕೋಳಿ, ಆಮೆ, ಕಪ್ಪೆ ಮುಂತಾದ ಆಟಿಕೆಗಳು ನೀರುಪಾಲಾದವು. ಅವು ಎಲ್ಲೆಲ್ಲಿ ದಡ ಸೇರುತ್ತವೆ ಎಂದು ನೋಡುತ್ತ ವಿಜ್ಞಾನಿಗಳು ಸಾಗರದ ಪ್ರವಾಹಗಳನ್ನು ಅಳೆದರು. ಫ್ರಾನ್ಸಿನ ಬ್ರಿಟನಿ ತೀರದ ಕಥೆ ಇದಕ್ಕಿಂತ ಸೊಗಸು. ಅಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಗಾರ್ಫೀಲ್ಡ್ ಎಂಬ ಕಾರ್ಟೂನ್ ಬೆಕ್ಕಿನ ಆಕಾರದ ಕಿತ್ತಳೆ ಬಣ್ಣದ ದೂರವಾಣಿಗಳು ದಡಕ್ಕೆ ಬಂದು ಬೀಳುತ್ತಲೇ ಇದ್ದವು. ಕೊನೆಗೆ 2019ರಲ್ಲಿ, ನೀರಿಳಿದಾಗ ಮಾತ್ರ ಹೊಗಬಹುದಾದ ಒಂದು ಗುಹೆಯಲ್ಲಿ ಕಂಟೇನರಿನ ಅವಶೇಷ ಸಿಕ್ಕಿತು. ಅಷ್ಟು ವರ್ಷ ಅಷ್ಟೊಂದು ದೂರವಾಣಿ ಬಂದರೂ ಯಾರ ಕಡೆಯಿಂದ ಎಂದು ಹೇಳುವ ಒಂದೂ ಕರೆ ಬಂದಿರಲಿಲ್ಲ.

ಸ್ಥಳೀಯರೇ ಕೊಳಕರು, ಪ್ರವಾಸಿಗರೇ ಕೊಳಕರು ಎಂದು ಜಗಳವಾಡುವವರನ್ನು ಒಮ್ಮೆ ಹೆಂಡರ್ಸನ್ ದ್ವೀಪಕ್ಕೆ ಕಳಿಸಬೇಕು. ಅದು ದಕ್ಷಿಣ ಪೆಸಿಫಿಕ್‌ನ ನಡುವೆ ಇರುವ ನಿರ್ಜನ ದ್ವೀಪ. ಸ್ಥಳೀಯರಿಲ್ಲ, ಪ್ರವಾಸಿಗರ ಗದ್ದಲವಿಲ್ಲ, ಅಂಗಡಿಯಿಲ್ಲ, ತೆರಿಗೆಯಿಲ್ಲ, ತುಂಬಿ ತುಳುಕುವ ಡಬ್ಬಿಯೂ ಇಲ್ಲ. 2015ರಲ್ಲಿ ಹೋಗಿ ಎಣಿಸಿದ ಸಂಶೋಧಕರು ಅಲ್ಲಿ ಅಂದಾಜು 3.77 ಕೋಟಿ ಪ್ಲಾಸ್ಟಿಕ್ ತುಂಡುಗಳಿವೆ ಎಂದರು. ರಾಮೇಶ್ವರಕ್ಕೆ ಹೋದರೂ ಶನೇಶ್ವರ ಬಿಡಲಿಲ್ಲ ಎಂಬ ಗಾದೆ ಕೇಳಿದ್ದೇವೆ. ಇಲ್ಲಿ ರಾಮೇಶ್ವರಕ್ಕೆ ಯಾರೂ ಹೋಗಿಯೇ ಇಲ್ಲ, ಶನೇಶ್ವರ ಒಬ್ಬನೇ ತೇಲಿಕೊಂಡು ಹೋಗಿ ಕೂತಿದ್ದಾನೆ.

ಎಲ್ಲರ ವಾದ ಕೇಳಿದ ಮೇಲೆ ನನಗೊಂದು ಮಾತು ಹೊಳೆಯಿತು. ಈ ವ್ಯವಹಾರದಲ್ಲಿ ದಿನಕ್ಕೆರಡು ಪಾಳಿ ತಪ್ಪದೆ ಕೆಲಸಕ್ಕೆ ಬರುವುದು ಸಮುದ್ರ ಒಂದೇ. ಸಂಬಳವಿಲ್ಲ, ಭಾನುವಾರವಿಲ್ಲ, ಕೈಗವಸು ತೊಟ್ಟ ಫೋಟೊ ಇಲ್ಲ. ಅದರ ದೋಷ ಒಂದೇ: ಒಯ್ದದ್ದನ್ನು ಇಟ್ಟುಕೊಳ್ಳುವುದಿಲ್ಲ. ವಿಲೇವಾರಿಯಾಗಿ ಕಡತ ಮುಚ್ಚಿದ ಬಾಟಲಿಯನ್ನು ಮತ್ತೆ ತಂದು ಅದೇ ಜಾಗದಲ್ಲಿ ಹಾಕುತ್ತದೆ. ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸುವುದೆಂದರೆ ಇದೇ ಅಲ್ಲವೇ? ನಾನು ಆ ಇಬ್ಬರು ಅಧಿಕಾರಿಗಳಿಗೆ ಈ ವಿಚಾರ ತಮಾಷೆಗೆಂದು ಹೇಳಿದೆ. ಅವರು ನಗಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪಿದರು.

ಸಮುದ್ರಕ್ಕೆ ಕಾರಣ ಕೇಳಿ ನೋಟಿಸ್ ತಯಾರಾಯಿತು. ಏಳು ದಿನದೊಳಗೆ ಲಿಖಿತ ಉತ್ತರ ಕೊಡಬೇಕು, ತಪ್ಪಿದರೆ ಏಕಪಕ್ಷೀಯ ಕ್ರಮ. ನೀರಿನಲ್ಲಿ ಅಕ್ಷರ ಅಳಿಸಬಾರದೆಂದು ಅದಕ್ಕೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ನೈಲಾನ್ ಹಗ್ಗದಿಂದ ಕಂಬಕ್ಕೆ ಬಿಗಿದರು. ಆ ರಾತ್ರಿಯ ಉಬ್ಬರಕ್ಕೆ ಕಂಬ ವಾಲಿತು, ನೋಟಿಸ್ ಹೋಯಿತು. ಸ್ವೀಕೃತಿಯಾಯಿತು ಎಂದು ಇಬ್ಬರೂ ಸಹಿ ಹಾಕಿದರು.

ಆರನೆಯ ದಿನ ಅದು ವಾಪಸು ಬಂದಿದೆ. ಹಗ್ಗ ಹಾಗೇ ಇದೆ, ಹೊದಿಕೆ ಹಾಗೇ ಇದೆ, ಒಂದು ಮೂಲೆಗೆ ಬಾಟಲಿಯೂ ಸಿಕ್ಕಿಕೊಂಡಿದೆ. ಅರ್ಧ ಉಬ್ಬರದ ಗೆರೆಯ ಮೇಲೆ, ಅರ್ಧ ಕೆಳಗೆ ಬಿದ್ದಿದೆ. ಅಧಿಕಾರಿಗಳು ಅಳತೆಯ ಟೇಪು ತರಲು ಹೋಗಿದ್ದಾರೆ.