ದೀಪ ಮತ್ತು ಹಾರ್ನಿನ ಮಿತಭಾಷೆ

ರಸ್ತೆಯಲ್ಲಿ ಹಿಂದೆಮುಂದೆ ಸಾಗುವ ಚಾಲಕರು ಒಬ್ಬರ ಮುಖವನ್ನೊಬ್ಬರು ಕಾಣದೆಯೇ ತಮ್ಮ ಜೀವವನ್ನು ಪರಸ್ಪರರ ಕೈಗೆ ಒಪ್ಪಿಸಿರುತ್ತಾರೆ, ಮತ್ತು ಅವರ ನಡುವಿನ ಮಾತುಕತೆಗೆ ಇರುವುದು ಕೆಲವು ದೀಪಗಳು ಹಾಗೂ ಒಂದು ಹಾರ್ನ್ ಮಾತ್ರ. ಇವುಗಳಲ್ಲಿ ನನಗೆ ಹೆಚ್ಚು ಗೌರವವಿರುವುದು ಇಂಡಿಕೇಟರಿನ ಮೇಲೆ. ನಿಮಿಷಕ್ಕೆ 60ರಿಂದ 120 ಬಾರಿ ಮಿನುಗುವ ಆ ದೀಪ ಇನ್ನೂ ನಡೆಯದಿರುವುದನ್ನು ಹೇಳಬೇಕಾದದ್ದು. ಸ್ಟೀರಿಂಗ್ ತಿರುಗಿಸುತ್ತಲೇ ಅದನ್ನು ಹಾಕುವವರು ಸೂಚನೆ ಕೊಡುವುದಿಲ್ಲ, ವರದಿ ಒಪ್ಪಿಸುತ್ತಾರೆ. ಮಳೆಯಲ್ಲಿ ನಾಲ್ಕೂ ದೀಪಗಳನ್ನು ಮಿನುಗಿಸುತ್ತಾ ಓಡುವವರಂತೂ ತಿರುವಿನ ಸೂಚನೆಯನ್ನೇ ಕಳೆದುಕೊಂಡಿರುತ್ತಾರೆ.

ಬ್ರೇಕ್ ದೀಪಕ್ಕೆ ಚಾಲಕರ ಇಚ್ಛೆ ಬೇಕಿಲ್ಲ, ಪಾದ ಒತ್ತಿದರೆ ಸಾಕು. ಹಳೆಯ ತಂತಿಯ ಬಲ್ಬು ಕಾದು ಬೆಳಗಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಹಿಡಿದರೆ, ಎಲ್‌ಇಡಿ ತಕ್ಷಣವೇ ಹೊತ್ತಿಕೊಳ್ಳುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಆ ವ್ಯತ್ಯಾಸ ಹಿಂದಿನವರಿಗೆ ಐದು ಮೀಟರಿಗೂ ಹೆಚ್ಚು ದೂರವನ್ನು ಉಳಿಸಿಕೊಡುತ್ತದೆ.

ಪೇಚಿಗೆ ಸಿಕ್ಕಿಸುವುದು ಹೆಡ್‌ಲೈಟಿನ ಮಿಣುಕು. ಕಿರಿದಾದ ಸೇತುವೆಯ ಆಚೆ ದಡದಲ್ಲಿ ಒಂದು ಲಾರಿ ಎರಡು ಬಾರಿ ದೀಪ ಮಿಟುಕಿಸಿತೆನ್ನಿ: 'ನೀವು ಮೊದಲು ಬನ್ನಿ' ಎಂಬ ಸೌಜನ್ಯವೋ, 'ನಾನು ಬರುತ್ತಿದ್ದೇನೆ, ಅಲ್ಲೇ ನಿಲ್ಲಿ' ಎಂಬ ಗದರಿಕೆಯೋ? ಒಂದೇ ಸಂಜ್ಞೆಗೆ ಪರಸ್ಪರ ವಿರುದ್ಧವಾದ ಎರಡು ಅರ್ಥಗಳಿರುವಾಗ, ಲಾರಿ ನಿಜವಾಗಿ ನಿಂತಿದೆಯೇ ಎಂದು ಅದರ ಚಕ್ರವನ್ನು ನೋಡಿ ತೀರ್ಮಾನಿಸುವುದೇ ಮೇಲು. ಬ್ರಿಟನ್ನಿನ ಹೈವೇ ಕೋಡ್ ಈ ಮಿಣುಕಿಗೆ 'ನಾನಿಲ್ಲಿದ್ದೇನೆ' ಎಂಬ ಒಂದೇ ಅರ್ಥವನ್ನು ಕೊಟ್ಟು ಕೈತೊಳೆದುಕೊಂಡಿದೆ.

ಹಾರ್ನಿನ ಕೆಲಸವೂ ಇಷ್ಟೇ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದವು ಅಪಘಾತವನ್ನು ತಪ್ಪಿಸಲು ಮತ್ತು ಊರಾಚೆ ಹಿಂದಿಕ್ಕುವ ಮುನ್ನ ಎಚ್ಚರಿಸಲು ಮಾತ್ರ ಅದಕ್ಕೆ ಅವಕಾಶ ನೀಡುತ್ತದೆ. ಸಿಟ್ಟು, ಅವಸರ, ಸಿಗ್ನಲ್ ಹಸಿರಾದ ಸಂಭ್ರಮ ಇವೆಲ್ಲ ನಾವು ಸೇರಿಸಿಕೊಂಡವು. ಗಾಜು ಏರಿಸಿ ಹಾಡು ಹಾಕಿಕೊಂಡ ಕಾರಿನೊಳಗೆ ಅದು ಕ್ಷೀಣವಾಗಿ ಕೇಳುತ್ತದೆ, ಬರಿಗಿವಿಯ ಪಾದಚಾರಿಯನ್ನು ಮಾತ್ರ ಬೆಚ್ಚಿಬೀಳಿಸುತ್ತದೆ. ರಾತ್ರಿಯ ಕುರುಡು ತಿರುವಿನಲ್ಲಂತೂ ಹಾರ್ನಿಗಿಂತ ಹೈಬೀಮನ್ನು ಒಮ್ಮೆ ಹಾಕಿ ಇಳಿಸುವುದು ವಾಸಿ, ಏಕೆಂದರೆ ಎದುರಿನವರಿಗೆ ವಾಹನ ಕಾಣುವ ಮೊದಲೇ ತಿರುವಿನ ಆಚೆಯ ಮರಗಳ ಮೇಲೆ ಬೆಳಕು ಹರಿದಿರುತ್ತದೆ.